ದಣಿದವರಿಗೂ ಜಾಗವಿದ್ದ ಚಳವಳಿ

1983ರ ಸೆಪ್ಟೆಂಬರ್ 7ರಂದು ಐರ್ಲೆಂಡಿನಲ್ಲಿ ಒಂದು ಜನಮತಗಣನೆ ನಡೆಯಿತು. ಗರ್ಭದಲ್ಲಿರುವ ಭ್ರೂಣಕ್ಕೂ ಅದನ್ನು ಹೊತ್ತ ತಾಯಿಗೂ ಬದುಕುವ ಹಕ್ಕು ಸರಿಸಮ ಎಂದು ಸಂವಿಧಾನದಲ್ಲಿ ಬರೆಯಬೇಕೇ ಎಂಬುದು ಪ್ರಶ್ನೆ. ಮತ ಹಾಕಿದವರಲ್ಲಿ ಶೇ 66.9ರಷ್ಟು ಮಂದಿ ಹೌದು ಎಂದರು. ಎಂಟನೇ ತಿದ್ದುಪಡಿ ಜಾರಿಗೆ ಬಂತು. 2018ರ ಮೇ 25ರಂದು ಅದೇ ತಿದ್ದುಪಡಿಯನ್ನು ಕಿತ್ತುಹಾಕಬೇಕೇ ಎಂದು ಅದೇ ದೇಶ ಮತ್ತೆ ಮತ ಹಾಕಿತು. ಈ ಸಲ ಶೇ 66.4ರಷ್ಟು ಮಂದಿ ಕಿತ್ತುಹಾಕಿ ಎಂದರು. ಲೆಕ್ಕ ಹೆಚ್ಚುಕಡಿಮೆ ತಿರುವುಮುರುವಾಗಲು 35 ವರ್ಷ ಬೇಕಾಯಿತು.

ಈ ಎರಡೂ ಪ್ರಚಾರಗಳಲ್ಲಿ ದುಡಿದವರು ಆಲ್ವಾ ಸ್ಮಿತ್. 1983ರಲ್ಲಿ ತಿದ್ದುಪಡಿ ಬೇಡ ಎಂದು ಓಡಾಡಿದಾಗ ಅವರಿನ್ನೂ ಮೂವತ್ತರ ಹರೆಯದಲ್ಲಿದ್ದರು. 2018ರಲ್ಲಿ ‘ಟುಗೆದರ್ ಫಾರ್ ಯೆಸ್’ ಒಕ್ಕೂಟದ ಮೂವರು ಸಹನಿರ್ದೇಶಕಿಯರಲ್ಲಿ ಒಬ್ಬರಾಗಿ ಗೆಲುವಿನ ಸುದ್ದಿ ಕೇಳಿದಾಗ ಅವರಿಗೆ ಎಪ್ಪತ್ತು ದಾಟಿತ್ತು. ಇಂಥವರ ವಿಚಾರ ಓದಿದಾಗ ಎಲ್ಲರ ಬಾಯಿಗೂ ಬರುವ ಪ್ರಶ್ನೆ ಒಂದೇ: ಇಷ್ಟು ವರ್ಷ ಇವರಿಗೆ ಸುಸ್ತೇ ಆಗಲಿಲ್ಲವೇ? ಸುಸ್ತಾಗದೆ ಏನು? ಎರಡರಷ್ಟು ಜನ ನಿಮ್ಮ ವಿರುದ್ಧ ಮತ ಹಾಕಿದ ಮಾರನೆಯ ದಿನ ಮನೆಯಿಂದ ಹೊರಗೆ ಬರುವುದೇ ಕಷ್ಟ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಸುಸ್ತಾದವರು ಆಮೇಲೆ ಎಲ್ಲಿಗೆ ಹೋದರು? ಅವರಿಲ್ಲದಾಗ ಕೆಲಸ ಯಾರು ನೋಡಿಕೊಂಡರು? ಮತ್ತೆ ಬರಬೇಕೆನಿಸಿದಾಗ ಅವರಿಗೆ ಜಾಗವಿತ್ತೇ?

ಕನ್ನಡದ ಓದುಗರಿಗೆ ಈ ಚರಿತ್ರೆಯ ಒಂದು ಹೆಸರು ಚೆನ್ನಾಗಿ ಗೊತ್ತು. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್. 2012ರ ಅಕ್ಟೋಬರಿನಲ್ಲಿ 17 ವಾರದ ಬಸುರಿಯಾಗಿ ಗಾಲ್ವೇ ಊರಿನ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲ ಎಂಬುದು ವೈದ್ಯರಿಗೂ ಗೊತ್ತಾಗಿತ್ತು. ತೆಗೆದುಬಿಡಿ ಎಂದು ಸವಿತಾ ಕೇಳಿದರು. ಭ್ರೂಣದ ಎದೆಬಡಿತ ಇರುವವರೆಗೆ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ನಂಜು ಮೈಯೆಲ್ಲ ಏರಿ ಅಕ್ಟೋಬರ್ 28ರಂದು ತೀರಿಕೊಂಡರು. ಅವರಿಗೆ 31 ವರ್ಷ. ಈ ಸಾವಿನಿಂದ ಐರ್ಲೆಂಡ್ ಎಚ್ಚೆತ್ತಿತು ಎಂದು ನಾವು ಹೇಳಿಕೊಳ್ಳುತ್ತೇವೆ. ಅದು ನಿಜವಾದರೂ ಅರ್ಧ ನಿಜ. ಅಂಥ ಸಾವುಗಳು ಮೊದಲೂ ಆಗಿದ್ದವು. 1984ರ ಜನವರಿಯಲ್ಲಿ ಗ್ರನಾರ್ಡ್ ಎಂಬ ಸಣ್ಣ ಊರಿನಲ್ಲಿ 15 ವರ್ಷದ ಆ್ಯನ್ ಲೊವೆಟ್ ಯಾರಿಗೂ ಹೇಳಿಕೊಳ್ಳಲಾಗದೆ ಮೇರಿ ಮಾತೆಯ ಗವಿಗುಡಿಯ ಬಳಿ ಒಬ್ಬಳೇ ಹೆತ್ತು ಸತ್ತಳು. ದೇಶ ಅತ್ತಿತು, ರೇಡಿಯೊಗೆ ರಾಶಿ ಪತ್ರಗಳು ಬಂದವು, ಕಾನೂನು ಮಾತ್ರ ಕದಲಲಿಲ್ಲ. 1984ರಲ್ಲಿ ಆಗದ್ದು 2012ರ ನಂತರ ಏಕೆ ಆಯಿತು ಎಂದು ಕೇಳಿದರೆ, ಆ ನಡುವಿನ 28 ವರ್ಷಗಳಲ್ಲಿ ಸದ್ದಿಲ್ಲದೆ ನಡೆದ ಕೆಲಸದ ಕಡೆ ನೋಡಬೇಕಾಗುತ್ತದೆ.

ಕಥೆ ಇನ್ನೂ ಹಿಂದಿನದು. ಐರ್ಲೆಂಡಿನಲ್ಲಿ ಆಗ ಗರ್ಭನಿರೋಧಕ ಮಾರುವುದೂ ಅಪರಾಧ. 1971ರ ಮೇ 22ರಂದು 40ಕ್ಕೂ ಹೆಚ್ಚು ಹೆಂಗಸರು ಡಬ್ಲಿನ್‌ನಿಂದ ರೈಲು ಹತ್ತಿ ಬ್ರಿಟನ್ ಆಡಳಿತದಲ್ಲಿದ್ದ ಬೆಲ್‌ಫಾಸ್ಟ್‌ಗೆ ಹೋದರು. ಅಲ್ಲಿ ಕೊಂಡದ್ದನ್ನು ಹಿಂತಿರುಗುವಾಗ ಕಸ್ಟಮ್ಸ್‌ನವರ ಎದುರೇ ಎತ್ತಿ ತೋರಿಸಬೇಕು, ಬೇಕಾದರೆ ಹಿಡಿಯಲಿ ಎಂಬುದು ಯೋಜನೆ. ಆದರೆ ಔಷಧಿ ಅಂಗಡಿಯವರು ವೈದ್ಯರ ಚೀಟಿ ಇಲ್ಲದೆ ಗುಳಿಗೆ ಕೊಡುವುದಿಲ್ಲ ಎಂದುಬಿಟ್ಟರು. ಪತ್ರಕರ್ತೆ ನೆಲ್ ಮ್ಯಾಕ್‌ಕಾಫರ್ಟಿಗೆ ಒಂದು ಉಪಾಯ ಹೊಳೆಯಿತು: ಆಸ್ಪಿರಿನ್ ಕೊಳ್ಳೋಣ, ಕಸ್ಟಮ್ಸ್ ಗಂಡಸರಿಗೆ ಯಾವುದು ಯಾವ ಗುಳಿಗೆ ಎಂದು ಎಲ್ಲಿ ಗೊತ್ತಾಗುತ್ತದೆ! ಡಬ್ಲಿನ್ ನಿಲ್ದಾಣದಲ್ಲಿ ಅವರು ಎತ್ತಿ ಆಡಿಸಿದ್ದು ಆಸ್ಪಿರಿನ್ ಗುಳಿಗೆಗಳನ್ನು. ಅಧಿಕಾರಿಗಳು ಸುಮ್ಮನೆ ದಾರಿ ಬಿಟ್ಟರು. ಅರ್ಧ ಶತಮಾನ ಕಳೆದರೂ ಐರಿಷ್ ಹೆಂಗಸರು ಆ ರೈಲನ್ನು ನೆನೆದು ನಗುತ್ತಾರೆ. 2014ರ ಅಕ್ಟೋಬರ್ 28ರಂದು, ಸವಿತಾ ಸತ್ತು ಎರಡು ವರ್ಷ ತುಂಬಿದ ದಿನ, ಹೊಸ ತಲೆಮಾರಿನ ಹುಡುಗಿಯರು ಅದೇ ಬೆಲ್‌ಫಾಸ್ಟ್ ರೈಲು ಹತ್ತಿ ಈ ಬಾರಿ ಗರ್ಭಪಾತದ ಗುಳಿಗೆ ತಂದರು. ಇಂಥ ನಗು ಬಹಳ ಕೆಲಸ ಮಾಡುತ್ತದೆ. ಅಜ್ಜಿಯರ ಧೈರ್ಯದ ಕಥೆ ಬಾಯಿಂದ ಬಾಯಿಗೆ ಬಂದಿದ್ದರೆ ಮೊಮ್ಮಕ್ಕಳು ಎಲ್ಲವನ್ನೂ ಸೊನ್ನೆಯಿಂದ ಶುರುಮಾಡಬೇಕಾಗುವುದಿಲ್ಲ.

ಬಳಲಿಕೆಯ ವಿಚಾರಕ್ಕೆ ಬರೋಣ. ಇವತ್ತು ಐಟಿ ಕಂಪನಿಗಳ ಮಾತುಕತೆಯಲ್ಲಿ ದಿನಕ್ಕೊಮ್ಮೆ ಕೇಳಿಬರುವ ‘ಬರ್ನ್‌ಔಟ್’ ಎಂಬ ಪರಿಕಲ್ಪನೆ ವೈದ್ಯಕೀಯ ಬರಹಕ್ಕೆ ಬಂದದ್ದು ಸ್ವಯಂಸೇವಕರಿಂದ. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ನ್ಯೂಯಾರ್ಕಿನ ಮನಃಶಾಸ್ತ್ರಜ್ಞ. ಹಗಲು ತಮ್ಮ ಸ್ವಂತ ವೃತ್ತಿ ಮುಗಿಸಿ, ರಾತ್ರಿ ಬಡವರ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದರು. ಅಲ್ಲಿ ಬಂದು ದುಡಿಯುವವರು ಕೆಲವೇ ತಿಂಗಳಲ್ಲಿ ಬಾಡಿ, ಸಿಡುಕಿ, ಕೊನೆಗೆ ಮಾಯವಾಗುವುದನ್ನು ಅವರು ಕಂಡರು. ತಾವೂ ಹಾಗೆಯೇ ಕುಸಿದರು. 1974ರಲ್ಲಿ ಅದನ್ನು ಬರೆದರು. ಅತಿ ನಿಷ್ಠೆಯಿಂದ ದುಡಿಯುವವರೇ ಇದಕ್ಕೆ ಮೊದಲು ತುತ್ತಾಗುತ್ತಾರೆ ಎಂಬುದು ಅವರ ಮುಖ್ಯ ಮಾತು. ಆಮೇಲೆ ಕ್ರಿಸ್ಟೀನಾ ಮಾಸ್‌ಲಾಕ್ ಇದರ ಮೂರು ಮುಖಗಳನ್ನು ಗುರುತಿಸಿದರು: ಮನಸ್ಸು ಬತ್ತಿಹೋಗುವುದು, ಯಾರ ಸಲುವಾಗಿ ದುಡಿಯುತ್ತೇವೋ ಅವರ ಮೇಲೇ ಮರುಕ ಇಲ್ಲವಾಗುವುದು, ನಾನು ಮಾಡಿದ್ದೆಲ್ಲ ವ್ಯರ್ಥ ಅನ್ನಿಸುವುದು. ಎರಡನೆಯದು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುತ್ತದೆ. ನಡುರಾತ್ರಿ ಅಳುತ್ತ ಫೋನ್ ಮಾಡಿದ ಹುಡುಗಿಯ ದನಿ ಕೇಳಿ ‘ಇವಳೊಬ್ಬಳು’ ಅನ್ನಿಸಿದರೆ, ಆ ಕಾರ್ಯಕರ್ತೆ ಕೆಟ್ಟವಳು ಎಂದಲ್ಲ. ಅವಳನ್ನು ಎಂದೋ ಆ ಕುರ್ಚಿಯಿಂದ ಎಬ್ಬಿಸಿ ಮನೆಗೆ ಕಳಿಸಬೇಕಾಗಿತ್ತು.

ಚಳವಳಿಗಳಲ್ಲಿ ಇದು ಇನ್ನಷ್ಟು ಬಿಗಿಯಾಗುತ್ತದೆ. ಅಮೆರಿಕದ ಕಾರ್ಯಕರ್ತರನ್ನು ಮಾತಾಡಿಸಿ 2015ರಲ್ಲಿ ಪಾಲ್ ಗೋರ್ಸ್ಕಿ ಮತ್ತು ಚೆರ್ ವೈಶಾ ಚೆನ್ ಬರೆದ ಅಧ್ಯಯನದಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ತಮ್ಮ ದಣಿವನ್ನು ಸಂಗಾತಿಗಳ ಮುಂದೆ ಹೇಳಿಕೊಳ್ಳಲೂ ಅವರು ಹಿಂಜರಿಯುತ್ತಿದ್ದರು. ಅನ್ಯಾಯ ಉಣ್ಣುವವರಿಗೆ ವಿರಾಮವಿಲ್ಲ, ನನಗೆಂಥ ವಿರಾಮ ಎಂಬ ಅಳುಕು ಅದು. ನಮ್ಮಲ್ಲಿಯೂ ‘ಮನೆಮಠ ಬಿಟ್ಟು ದುಡಿದರು’ ಎಂಬುದೇ ದೊಡ್ಡ ಹೊಗಳಿಕೆ. ಸನ್ಮಾನ ಪತ್ರದಲ್ಲಿ ಅದನ್ನು ಓದುವಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಹೆಣ್ಣುಮಕ್ಕಳ ಮಟ್ಟಿಗಂತೂ ಮನೆಯನ್ನು ಬಿಡುವುದು ಎಂದರೇನು? ಮನೆಯ ಕೆಲಸ ಮುಗಿಸಿ ಸಭೆಗೆ ಬಂದು, ಸಭೆ ಮುಗಿಸಿ ಮತ್ತೆ ಒಲೆ ಹಚ್ಚಬೇಕು. ಸಭೆಯಲ್ಲಿಯೂ ಚಹಾ ಮಾಡುವುದು, ನಡಾವಳಿ ಬರೆಯುವುದು, ಸಿಟ್ಟಾಗಿ ಎದ್ದುಹೋದವರ ಹಿಂದೆ ಹೋಗಿ ಸಮಾಧಾನ ಹೇಳುವುದು ಅದೇ ಒಬ್ಬಳ ಪಾಲಿಗೆ ಬಂದಿರುತ್ತದೆ. ಅವಳಿಗೆ ಯೋಗ ಮಾಡು, ಪ್ರವಾಸ ಹೋಗು ಎಂದು ಸಲಹೆ ಕೊಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಚಹಾ ಮಾಡುವ ಸರದಿ ಬದಲಾಯಿಸುವುದು ಒಳ್ಳೆಯದು.

ಐರಿಷ್ ಹೆಂಗಸರು ಈ ಬದಲಾವಣೆಯನ್ನು ಹೇಗೆ ಮಾಡಿಕೊಂಡರು ಎಂಬುದಕ್ಕೆ ಲಂಡನ್ನಿನ ಒಂದು ಗುಂಪನ್ನು ನೋಡಬೇಕು. 1980ರಲ್ಲಿ ಅಲ್ಲಿ ನೆಲೆಸಿದ್ದ ಐರಿಷ್ ಹೆಂಗಸರು ಕೆಲವರು ಸೇರಿ ‘ಐರಿಷ್ ವಿಮೆನ್ಸ್ ಅಬಾರ್ಷನ್ ಸಪೋರ್ಟ್ ಗ್ರೂಪ್’ ಕಟ್ಟಿದರು. ತಾಯ್ನಾಡಿನಲ್ಲಿ ಗರ್ಭಪಾತಕ್ಕೆ ದಾರಿಯಿಲ್ಲದ ಕಾರಣ ಹೆಂಗಸರು ಹಡಗು ಹತ್ತಿ ಇಂಗ್ಲೆಂಡಿಗೆ ಬರುತ್ತಿದ್ದರು. 1980ರಿಂದ 2018ರವರೆಗೆ ಹಾಗೆ ಬಂದು, ಅಲ್ಲಿನ ಆಸ್ಪತ್ರೆಗಳಲ್ಲಿ ಐರ್ಲೆಂಡಿನ ವಿಳಾಸ ಕೊಟ್ಟವರೇ ಸುಮಾರು 1.7 ಲಕ್ಷ. ರಾತ್ರಿಯ ಹಡಗಿನಲ್ಲಿ ಐರಿಷ್ ಸಮುದ್ರ ದಾಟಿ, ಹಾಲಿಹೆಡ್‌ನಲ್ಲಿ ರೈಲು ಹಿಡಿದು, ಬೆಳಗಿನ ಹೊತ್ತಿಗೆ ಯೂಸ್ಟನ್ ನಿಲ್ದಾಣದಲ್ಲಿ ಇಳಿಯುವುದು. ಮನೆಯಲ್ಲಿ ಏನೋ ಒಂದು ನೆಪ ಹೇಳಿ ಬಂದಿರುತ್ತಾರೆ. ಸಾಲ ಮಾಡಿದ ದುಡ್ಡು ಚೀಲದ ತಳದಲ್ಲಿ. ಊರು ಹೊಸದು, ಹೊಟ್ಟೆಯಲ್ಲಿ ತೊಳಸು. ಇಂಥವಳನ್ನು ನಿಲ್ದಾಣದಲ್ಲಿ ಎದುರುಗೊಂಡು, ತಮ್ಮದೇ ಮನೆಗೆ ಕರೆತಂದು, ಚಹಾ ಕೊಟ್ಟು, ಹಾಸಿಗೆ ಹಾಸಿಕೊಡುವುದು ಆ ಗುಂಪಿನ ಕೆಲಸ. ಮಾತಾಡಬೇಕೆಂದರೆ ಮಾತು, ಬೇಡವೆಂದರೆ ಟಿ.ವಿ. ಮರುದಿನ ಆಸ್ಪತ್ರೆಯ ಬಾಗಿಲವರೆಗೆ ಜೊತೆ. ದುಡ್ಡು ಸಾಲದಿದ್ದರೆ ಗುಂಪಿನ ಪೆಟ್ಟಿಗೆಯಿಂದ ಒಂದಿಷ್ಟು. ಆಮೇಲೆ ಅವಳು ತನ್ನ ಊರಿಗೆ. ಬಹುಪಾಲು ಅವಳ ಸುದ್ದಿ ಮತ್ತೆ ಬರುವುದಿಲ್ಲ.

ಈ ಗುಂಪು 20 ವರ್ಷ ನಡೆಯಿತು. ಸಂಬಳವಿಲ್ಲ, ಕಚೇರಿಯ ದೌಲತ್ತಿಲ್ಲ, ಪತ್ರಿಕೆಯಲ್ಲಿ ಹೆಸರಿಲ್ಲ. ಅದೇ ದಶಕಗಳಲ್ಲಿ ಸಂವಿಧಾನ ಬದಲಾಯಿಸುತ್ತೇವೆ ಎಂದು ಹೊರಟವರು ಮೇಲಿಂದ ಮೇಲೆ ಸೋಲುತ್ತಿದ್ದರು. ಇವರು ಹೇಗೆ ಬಾಳಿದರು? ನನಗೆ ಕಾಣುವ ಕಾರಣ ಇದು: ಕೆಲಸಕ್ಕೆ ಒಂದು ಅಳತೆ ಇತ್ತು. ಒಬ್ಬಳು ಬಂದಳು, ಮಲಗಿದಳು, ಹೋಗಿಬಂದಳು, ಹೊರಟಳು. ಇವತ್ತಿನ ಕೆಲಸ ಇವತ್ತು ಮುಗಿಯಿತು, ಒಬ್ಬಳ ಕಷ್ಟ ಕಣ್ಣೆದುರೇ ಕಳೆಯಿತು. ‘ಮಾಡಿದ್ದೆಲ್ಲ ವ್ಯರ್ಥ’ ಎಂಬ ಮಾಸ್‌ಲಾಕ್ ಅವರ ಮೂರನೆಯ ಮುಖಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಇದ್ದಂತಿಲ್ಲ. ಕಾನೂನು ಯಾವಾಗ ಬದಲಾಗುತ್ತದೋ ಬಲ್ಲವರಿಲ್ಲ. ಆದರೆ ಶುಕ್ರವಾರ ಬಂದವಳು ಭಾನುವಾರ ನಿರಾಳವಾಗಿ ಹೊರಟದ್ದು ಕಣ್ಣಾರೆ ಕಂಡದ್ದು. ಇನ್ನೊಂದು ವಿಷಯ. ಈ ವಾರ ನನ್ನ ಮನೆಯಲ್ಲಿ ಆಗುವುದಿಲ್ಲ ಎಂದರೆ ಮತ್ತೊಬ್ಬಳ ಮನೆ ಇತ್ತು. ಆಗುವುದಿಲ್ಲ ಎನ್ನುವುದಕ್ಕೆ ವಿವರಣೆ ಕೊಡಬೇಕಾಗಿರಲಿಲ್ಲ.

ಮತ್ತೆ, ಅವರು ನಿಲ್ಲಿಸಿದರು ಕೂಡ. ಗರ್ಭಪಾತದ ಮಾಹಿತಿ ಕೊಡುವುದು 1995ರಲ್ಲಿ ಐರ್ಲೆಂಡಿನಲ್ಲಿ ಕಾನೂನುಬದ್ಧವಾಯಿತು. ಅಗ್ಗದ ವಿಮಾನ ಬಂದು ಹೋಗಿಬರುವುದು ಸುಲಭವಾಯಿತು. 2000ದಲ್ಲಿ ಗುಂಪು ಬಾಗಿಲು ಹಾಕಿತು. ಸಂಸ್ಥೆ ಉಳಿಯಬೇಕು ಎಂಬುದಕ್ಕಾಗಿಯೇ ಜನರನ್ನು ಹಿಂಡಿ ಉಳಿಸಿಕೊಳ್ಳುವ ಗೀಳು ಅವರಿಗಿರಲಿಲ್ಲ. ಆ ಗುಂಪಿನಲ್ಲಿದ್ದ ಆನ್ ರಾಸಿಟರ್ 2009ರಲ್ಲಿ ಈ ಕಥೆಯನ್ನೆಲ್ಲ ಪುಸ್ತಕ ಮಾಡಿದರು. ಅದೇ ವರ್ಷ ಮಾರಾ ಕ್ಲಾರ್ಕ್ ಎಂಬವರು ಲಂಡನ್ನಿನಲ್ಲಿ ‘ಅಬಾರ್ಷನ್ ಸಪೋರ್ಟ್ ನೆಟ್‌ವರ್ಕ್’ ಶುರುಮಾಡಿ, ದುಡ್ಡು ಮತ್ತು ಮಲಗುವ ಜಾಗ ಒದಗಿಸುವ ಕೆಲಸವನ್ನು ಹೊಸದಾಗಿ ಎತ್ತಿಕೊಂಡರು. ಬೇಕಾದಾಗ ಮತ್ತೊಬ್ಬರು ಬಂದರು.

ಐರ್ಲೆಂಡಿನ ಒಳಗಿನ ದಿನಗಳು ಇನ್ನೂ ಕಠಿಣವಾಗಿದ್ದವು. 1983ರ ಸೋಲಿನ ಬೆನ್ನಿಗೇ ನ್ಯಾಯಾಲಯದ ಮೊಕದ್ದಮೆಗಳು ಬಂದವು. ಇಂಗ್ಲೆಂಡಿನ ಆಸ್ಪತ್ರೆಯ ಫೋನ್ ನಂಬರ್ ಕೊಡುವುದನ್ನೂ 1986ರಿಂದ ನ್ಯಾಯಾಲಯ ತಡೆಯಿತು. ‘ಕಾಸ್ಮೊಪಾಲಿಟನ್’ ಮಾಸಿಕದ ಐರಿಷ್ ಪ್ರತಿಗಳಲ್ಲಿ ಆಸ್ಪತ್ರೆಯ ಜಾಹೀರಾತು ಇರಬೇಕಾದ ಪುಟ ಖಾಲಿ ಬರುತ್ತಿತ್ತು. ಆಗ ಡಬ್ಲಿನ್ನಿನ ಕೆಲವು ಹೆಂಗಸರು ಹೆಸರು ಹೇಳದೆ ಒಂದು ಸಹಾಯವಾಣಿ ನಡೆಸಿದರು. ಅದರ ನಂಬರ್ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲ ಮೇಲೆ ಬರೆದಿರುತ್ತಿತ್ತು. ವಿದ್ಯಾರ್ಥಿ ಸಂಘಗಳು ತಮ್ಮ ಕೈಪಿಡಿಯಲ್ಲಿ ಮಾಹಿತಿ ಅಚ್ಚುಹಾಕಿ ನ್ಯಾಯಾಲಯದ ಕಟಕಟೆ ಹತ್ತಿದವು. ಅವರ ಪರ ವಾದಿಸಿದ ವಕೀಲೆ ಮೇರಿ ರಾಬಿನ್ಸನ್ 1990ರಲ್ಲಿ ದೇಶದ ಅಧ್ಯಕ್ಷೆಯಾದರು.

ಹಾಗಾದರೆ 1983ರಲ್ಲಿ ಸೋತವರೆಲ್ಲ ಇದೇ ಕೆಲಸದಲ್ಲಿ ಉಳಿದರೇ? ಇಲ್ಲ. ಕೆಲವರು ದೇಶ ಬಿಟ್ಟರು. ಆ ದಶಕದಲ್ಲಿ ಐರ್ಲೆಂಡಿನಿಂದ ವಲಸೆಯೂ ಜೋರಾಗಿತ್ತು. ಕೆಲವರು ಅತ್ಯಾಚಾರ ಸಂತ್ರಸ್ತರ ಕೇಂದ್ರಗಳಿಗೆ ಹೋದರು. ಕೆಲವರು 1984ರಲ್ಲಿ ಹುಟ್ಟಿದ ‘ಆ್ಯಟಿಕ್ ಪ್ರೆಸ್’ನಂಥ ಪ್ರಕಾಶನಕ್ಕೆ ದುಡಿದರು. ಆಲ್ವಾ ಸ್ಮಿತ್ ‘ಯೂನಿವರ್ಸಿಟಿ ಕಾಲೇಜ್ ಡಬ್ಲಿನ್’ನಲ್ಲಿ ಮಹಿಳಾ ಅಧ್ಯಯನ ಕೇಂದ್ರ ಕಟ್ಟಲು ಹೊರಟರು. 1992ರಲ್ಲಿ ಗರ್ಭಪಾತದ ಕುರಿತ ಐರಿಷ್ ಬರಹಗಳ ಸಂಕಲನವನ್ನು ಸಂಪಾದಿಸಿದರು, ಅದನ್ನು ಹೊರತಂದದ್ದು ಅದೇ ಆ್ಯಟಿಕ್ ಪ್ರೆಸ್. ನಮ್ಮ ರೈತರು ಹೊಲವನ್ನು ಒಂದು ವರ್ಷ ಬೀಳು ಬಿಡುತ್ತಾರಲ್ಲ, ಇಲ್ಲವೇ ಜೋಳ ಬಿತ್ತಿದಲ್ಲಿ ಕಡಲೆ ಹಾಕುತ್ತಾರಲ್ಲ, ಅಂಥದೇ ವಿವೇಕ. ಒಂದು ಬೆಳೆ ನೆಲದ ಸಾರವನ್ನೆಲ್ಲ ಹೀರಿದ ಮೇಲೆ ಮತ್ತದನ್ನೇ ಬಿತ್ತಿದರೆ ಬರುವುದು ಜೊಳ್ಳು. ಗರ್ಭಪಾತದ ಮಾತೆತ್ತಿದರೆ ಕೊಲೆಗಡುಕಿ ಎಂದು ಬೈಸಿಕೊಂಡು ನೊಂದವರು, ಹೆಣ್ಣಿನ ಬದುಕಿನ ಮತ್ತೊಂದು ಮಗ್ಗುಲಲ್ಲಿ ಕೆಲಸ ಹುಡುಕಿಕೊಂಡರು. ಅವರನ್ನು ಯಾರೂ ಪಲಾಯನವಾದಿಗಳು ಅನ್ನಬಾರದು. ಶಾಶ್ವತವಾಗಿ ಬಿಟ್ಟುಹೋದವರನ್ನೂ ಅನ್ನಬಾರದು. ಅವರು ದುಡಿದ ವರ್ಷಗಳು ಲೆಕ್ಕದಲ್ಲಿವೆ.

ಇದರ ಫಲ 1992ರಲ್ಲಿ ಕಂಡಿತು. ಅತ್ಯಾಚಾರದಿಂದ ಬಸುರಿಯಾದ 14 ವರ್ಷದ ಬಾಲಕಿ ಇಂಗ್ಲೆಂಡಿಗೆ ಹೋಗದಂತೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಚರಿತ್ರೆಯಲ್ಲಿ ಅವಳ ಹೆಸರು ‘ಎಕ್ಸ್’. ಸಾವಿರಾರು ಜನ ಬೀದಿಗೆ ಬಂದರು. ಚದುರಿಹೋಗಿದ್ದ ಹಳಬರು ಬೀಳುಬಿಟ್ಟ ಹೊಲಕ್ಕೆ ಮರಳಿದರು. ಬ್ಯಾನರ್ ಹೇಗೆ ಕಟ್ಟುವುದು, ವಕೀಲರು ಯಾರು, ಯಾವ ವಾದಕ್ಕೆ ಯಾವ ಉತ್ತರ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ತೆಗೆಯಿತು. ಅದೇ ನವೆಂಬರಿನ ಜನಮತಗಣನೆಯಲ್ಲಿ ಹೊರದೇಶಕ್ಕೆ ಹೋಗುವ ಹಕ್ಕು, ಮಾಹಿತಿ ಪಡೆಯುವ ಹಕ್ಕು ಸಿಕ್ಕವು. ಎಂಟನೇ ತಿದ್ದುಪಡಿ ಮಾತ್ರ ಇದ್ದಲ್ಲೇ ಇತ್ತು.

ದಣಿವಿನ ಇನ್ನೊಂದು ಮೂಲವನ್ನು ನಾವು ಗಮನಿಸುವುದು ಕಡಿಮೆ. ಈ ಹೋರಾಟದಲ್ಲಿ ಹೆಣ್ಣುಮಕ್ಕಳು ತಮ್ಮ ಮೈಯ ಕಥೆಯನ್ನೇ ಸಾಕ್ಷಿಯಾಗಿ ಮುಂದಿಡಬೇಕಾಗುತ್ತದೆ. 1983ರಲ್ಲಿ ಪತ್ರಕರ್ತೆ ಮೇರಿ ಹಾಲೆಂಡ್ ‘ಐರಿಷ್ ಟೈಮ್ಸ್’ನಲ್ಲಿ ತಾನು ಗರ್ಭಪಾತ ಮಾಡಿಸಿಕೊಂಡಿದ್ದೇನೆ ಎಂದು ಹೆಸರು ಹಾಕಿ ಬರೆದರು. ಆ ದೇಶದಲ್ಲಿ ಆಗ ಅದೆಂಥ ಧೈರ್ಯ! ಆದರೆ ಒಬ್ಬಳು ಹೇಳಿದರೆ ಲೋಕ ಅವಳನ್ನೇ ಮತ್ತೆ ಮತ್ತೆ ಕರೆಯುತ್ತದೆ: ಟಿ.ವಿ.ಗೆ ಬನ್ನಿ, ಸಭೆಗೆ ಬನ್ನಿ, ಇನ್ನೊಮ್ಮೆ ಹೇಳಿ. ಹಳೆಯ ನೋವನ್ನು ಹೊಸ ಹೊಸ ಕ್ಯಾಮೆರಾಗಳ ಮುಂದೆ ಬಿಚ್ಚುವುದು ಸಣ್ಣ ಸಂಗತಿಯಲ್ಲ. ಸವಿತಾ ಅವರ ಸಾವಿನ ಸುದ್ದಿಯನ್ನು 2012ರ ನವೆಂಬರ್ 14ರಂದು ಅದೇ ಪತ್ರಿಕೆಯಲ್ಲಿ ಹೊರಗೆಡಹಿದ ಕಿಟ್ಟಿ ಹಾಲೆಂಡ್ ಈ ಮೇರಿಯವರ ಮಗಳು. ತಾಯಿ 2004ರಲ್ಲೇ ತೀರಿಕೊಂಡಿದ್ದರು.

2018ರ ಹೊತ್ತಿಗೆ ಈ ಭಾರ ಹಂಚಿಹೋಯಿತು. ಗಾಲ್ವೇ ಕಡೆಯ ಕಲಾವಿದೆ ಎರಿನ್ ಡಾರ್ಸಿ ಶುರುಮಾಡಿದ ‘ಇನ್ ಹರ್ ಶೂಸ್’ ಫೇಸ್‌ಬುಕ್ ಪುಟದಲ್ಲಿ ಹೆಂಗಸರು ಹೆಸರಿಲ್ಲದೆ, ತಮ್ಮ ಚಪ್ಪಲಿಯದೋ ಬೂಟಿನದೋ ಒಂದು ಫೋಟೊ ಹಾಕಿ, ಆದದ್ದನ್ನು ಬರೆದರು. ಒಬ್ಬಳು ಹೆಸರು ಹೇಳಿ ಸುಟ್ಟುಕೊಳ್ಳುವ ಬದಲು ನೂರಾರು ಜನ ಹೆಸರಿಲ್ಲದೆ ಹೇಳಿದರು. ಹೇಳಿ ಹಗುರಾಗಿ ತಮ್ಮ ಕೆಲಸಕ್ಕೆ ಹೋದರು. ಓದಿದವರಿಗೆ ಇದು ತಮ್ಮ ಅಕ್ಕನದೋ ಸೊಸೆಯದೋ ಇರಬಹುದು ಅನ್ನಿಸಿತು.

ಬೆಳಗಾವಿಯ ಮನೆಯವರಿಗೆ ಮಾತ್ರ ಆ ಮರೆ ಇರಲಿಲ್ಲ. ಅವರ ಮಗಳ ಫೋಟೊ ಡಬ್ಲಿನ್ನಿನ ಗೋಡೆಯ ಮೇಲೆ ಚಿತ್ರವಾಯಿತು; ಜನ ಅದರ ಸುತ್ತ ಕ್ಷಮೆ ಕೋರಿ ಚೀಟಿ ಅಂಟಿಸಿದರು. ಸವಿತಾ ಅವರ ತಂದೆ ‘ಹೌದು’ ಎಂದು ಮತ ಹಾಕಿ ಎಂದು ಐರಿಷ್ ಜನರನ್ನು ಕೇಳಿಕೊಂಡರು; ಗೆದ್ದ ಮೇಲೆ ಹೊಸ ಕಾನೂನಿಗೆ ಸವಿತಾಳ ಹೆಸರಿಡಿ ಎಂದರು. ಕಾನೂನಿಗೆ ಆ ಹೆಸರು ಬರಲಿಲ್ಲ. ಚಳವಳಿಗಳು ತಮ್ಮ ಕಾರ್ಯಕರ್ತರ ದಣಿವಿನ ಲೆಕ್ಕ ಇಡುವುದನ್ನು ಈಗೀಗ ಕಲಿಯುತ್ತಿವೆ. ಮಗಳನ್ನು ಕಳೆದುಕೊಂಡವರು ಪತ್ರಕರ್ತರು ಬಂದಾಗಲೆಲ್ಲ ಆ ವಾರವನ್ನು ಮತ್ತೆ ಹೇಳಬೇಕಾಗುತ್ತದಲ್ಲ, ಆ ಲೆಕ್ಕವನ್ನು ಎಲ್ಲಿ ಬರೆದಿಡುವುದು ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಕೊನೆಯ ಹಂತದ ಸಂಘಟನೆಯ ಬಗ್ಗೆ ಒಂದಿಷ್ಟು ಹೇಳಬೇಕು. 2012ರ ಸೆಪ್ಟೆಂಬರ್ ಕೊನೆಗೆ, ಅಂದರೆ ಸವಿತಾ ಸಾಯುವ ಒಂದು ತಿಂಗಳ ಮೊದಲೇ, ಡಬ್ಲಿನ್ನಿನಲ್ಲಿ ಮೊದಲ ‘ಮಾರ್ಚ್ ಫಾರ್ ಚಾಯ್ಸ್’ ಮೆರವಣಿಗೆ ನಡೆದಿತ್ತು. ಸುದ್ದಿ ಹೊರಬಿದ್ದು ಜನ ಕೆರಳಿದಾಗ ಹೋಗಿ ಸೇರಲು ಒಂದು ಗುಂಪು ಆಗಲೇ ಇತ್ತು. ಅದೇ ‘ಅಬಾರ್ಷನ್ ರೈಟ್ಸ್ ಕ್ಯಾಂಪೇನ್’ ಆಗಿ ಬೆಳೆಯಿತು. ಪೂರ್ತಿ ಸ್ವಯಂಸೇವಕರದು. ಕೆಲಸವನ್ನು ಸಣ್ಣ ಸಣ್ಣ ತಂಡಗಳಿಗೆ ಹಂಚಿದ್ದರು. ಒಬ್ಬಳು ಬರೀ ಪೋಸ್ಟರ್ ಬರೆಯಬಹುದು, ಇನ್ನೊಬ್ಬಳು ಲೆಕ್ಕ ನೋಡಬಹುದು, ಪರೀಕ್ಷೆ ಇದ್ದವಳು ಎರಡು ತಿಂಗಳು ಬರದೇ ಇರಬಹುದು. ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಮೆರವಣಿಗೆ ಇದ್ದೇ ಇರುತ್ತಿತ್ತು. ನಮ್ಮ ಊರ ಜಾತ್ರೆಗೆ ದೂರದ ಮಕ್ಕಳು ಬರುವ ಹಾಗೆ ಆ ದಿನ ಎಲ್ಲರೂ ಬಂದರೆ ಸಾಕಾಗಿತ್ತು. ವರ್ಷವರ್ಷಕ್ಕೂ ಗುಂಪು ದೊಡ್ಡದಾಗುವುದು ಕಣ್ಣಿಗೆ ಕಾಣುತ್ತಿತ್ತು.

2018ರ ಪ್ರಚಾರದಲ್ಲಿ ಮನೆ ಮನೆ ಬಾಗಿಲು ತಟ್ಟಿದವರು ಗುಂಪಿನಲ್ಲಿ ಹೋದರು. ಗಟ್ಟಿ ವಿರೋಧಿಯ ಜೊತೆ ವಾದಕ್ಕೆ ನಿಲ್ಲಬೇಡ, ನಮಸ್ಕಾರ ಹೇಳಿ ಮುಂದಿನ ಮನೆಗೆ ನಡೆ ಎಂಬುದು ಮೊದಲ ಪಾಠ. ಬೈಸಿಕೊಂಡವಳು ಆ ಬೈಗುಳವನ್ನು ಒಬ್ಬಳೇ ಮನೆಗೆ ಒಯ್ಯದೆ, ಬೀದಿಯ ಕೊನೆಯಲ್ಲಿ ಎಲ್ಲರ ಜೊತೆ ಹೇಳಿ ಕಳೆದುಕೊಳ್ಳಬೇಕು. ದುಡ್ಡಿನ ವಿಚಾರವೂ ಮುಖ್ಯ, ನಾವು ಅದನ್ನು ಮಾತಾಡಲು ಸಂಕೋಚಪಡುತ್ತೇವೆ. ಏಪ್ರಿಲ್‌ನಲ್ಲಿ ಪೋಸ್ಟರ್‌ಗಳಿಗಾಗಿ 50 ಸಾವಿರ ಯೂರೊ ಬೇಕು ಎಂದು ಸಾರ್ವಜನಿಕರನ್ನು ಕೇಳಿದರು. ಒಂದು ವಾರದೊಳಗೆ 5 ಲಕ್ಷ ಯೂರೊ ದಾಟಿತು. ಬಾಗಿಲು ತಟ್ಟಲು ಬಿಡುವಿಲ್ಲದವರು ಹತ್ತಿಪ್ಪತ್ತು ಯೂರೊ ಕೊಟ್ಟು ಪಾಲು ಪಡೆದರು. ಹೊರದೇಶದಲ್ಲಿದ್ದವರು ವಿಮಾನ ಹತ್ತಿ ಬಂದು ಮತ ಹಾಕಿ ಹಿಂತಿರುಗಿದರು. ಮೂವರು ಸಹನಿರ್ದೇಶಕಿಯರನ್ನು ಇಟ್ಟುಕೊಂಡದ್ದರಲ್ಲಿಯೂ ನನಗೆ ಜಾಣತನ ಕಾಣುತ್ತದೆ. ಆಲ್ವಾ ಸ್ಮಿತ್ ಜೊತೆ ಓರ್ಲಾ ಓ’ಕಾನರ್ ಮತ್ತು ಅವರಿಬ್ಬರಿಗಿಂತ ಬಹಳ ಚಿಕ್ಕವರಾದ ಗ್ರಾನ್ಯ ಗ್ರಿಫಿನ್ ಇದ್ದರು. ಕೂಗಾಟವೆಲ್ಲ ಒಬ್ಬಳ ತಲೆಯ ಮೇಲೆ ಬೀಳಲಿಲ್ಲ. ಒಬ್ಬಳು ಟಿ.ವಿ. ಚರ್ಚೆಗೆ ಹೋದರೆ ಇನ್ನೊಬ್ಬಳು ನಿದ್ದೆ ಮಾಡಬಹುದಿತ್ತು.

ಗೆದ್ದ ಮೇಲಿನ ದಣಿವನ್ನೂ ಮರೆಯಬಾರದು. 2019ರ ಜನವರಿ 1ರಿಂದ ಐರ್ಲೆಂಡಿನಲ್ಲಿ ಗರ್ಭಪಾತದ ಸೇವೆ ಶುರುವಾಯಿತು. ಹನ್ನೆರಡು ವಾರದ ಮಿತಿ, ಮೊದಲ ಭೇಟಿಯ ನಂತರ ಮೂರು ದಿನ ಕಾಯಬೇಕೆಂಬ ಷರತ್ತು, ಸೇವೆ ಕೊಡುವ ವೈದ್ಯರಿಲ್ಲದ ಊರುಗಳು. ಮಿತಿ ದಾಟಿದವರು ಈಗಲೂ ಇಂಗ್ಲೆಂಡಿಗೆ ಹೋಗುತ್ತಾರೆ. ವಕೀಲೆ ಮರೀ ಓ’ಶೇ ಅವರ 2023ರ ಪರಿಶೀಲನಾ ವರದಿ ಆ ಮೂರು ದಿನದ ಕಾಯುವಿಕೆ ಕಡ್ಡಾಯ ಇರಬಾರದು ಎಂದಿತು. ಆಸ್ಪತ್ರೆಗಳ ಮುಂದೆ ನಿಂತು ಹೆಂಗಸರನ್ನು ಹೀಯಾಳಿಸುವವರನ್ನು ದೂರವಿಡುವ ಕಾಯ್ದೆ ಜಾರಿಗೆ ಬರಲು 2024ರ ಅಕ್ಟೋಬರ್ ಆಯಿತು, ಅಂದರೆ ಜನಮತಗಣನೆಯ ಗೆಲುವಿನಿಂದ ಆರು ವರ್ಷ. ಹಬ್ಬ ಮುಗಿದ ಮನೆಯಂತೆ ಎಲ್ಲರೂ ಚದುರಿದಾಗ ಈ ಕೆಲಸ ಮಾಡಲು ಬೇರೆ ತಾಳ್ಮೆ ಬೇಕು. ಸಮಿತಿಗೆ ಅರ್ಜಿ ಬರೆಯುವ, ಅಂಕಿಅಂಶ ಕೇಳುವ, ಸಣ್ಣ ಪತ್ರಿಕಾ ಹೇಳಿಕೆ ಕೊಡುವ ತಾಳ್ಮೆ. ಮೆರವಣಿಗೆಯಲ್ಲಿ ಕೂಗಿದವರೇ ಇದನ್ನೂ ಮಾಡಬೇಕು ಎಂದು ನಿರೀಕ್ಷಿಸುವುದು ಅನ್ಯಾಯ. ಇದಕ್ಕೆ ಬೇರೆ ಸ್ವಭಾವದವರನ್ನು ಹುಡುಕಬೇಕು, ಸಾಧ್ಯವಾದರೆ ಸಂಬಳ ಕೊಡಬೇಕು.

ಮಾರಾ ಕ್ಲಾರ್ಕ್ ಅವರ ಲಂಡನ್ ಸಂಸ್ಥೆ ಐರ್ಲೆಂಡ್ ಗೆದ್ದ ಮೇಲೆ ಬಾಗಿಲು ಹಾಕಲಿಲ್ಲ. 2019ರಲ್ಲಿ ಮಾಲ್ಟಾ ಮತ್ತು ಜಿಬ್ರಾಲ್ಟರ್‌ನ ಹೆಂಗಸರ ಕರೆಗಳನ್ನು ತೆಗೆದುಕೊಳ್ಳತೊಡಗಿತು. ಆ ಡಿಸೆಂಬರಿನಲ್ಲಿ ಹಲವು ದೇಶಗಳ ಗುಂಪುಗಳ ಜೊತೆ ಸೇರಿ ಪೋಲೆಂಡಿನವರಿಗಾಗಿ ‘ಅಬಾರ್ಷನ್ ವಿದೌಟ್ ಬಾರ್ಡರ್ಸ್’ ಸಹಾಯವಾಣಿ ಆರಂಭಿಸಿತು. ಹತ್ತು ತಿಂಗಳಾಗುವಷ್ಟರಲ್ಲಿ, 2020ರ ಅಕ್ಟೋಬರ್ 22ರಂದು, ಪೋಲೆಂಡಿನ ಸಾಂವಿಧಾನಿಕ ನ್ಯಾಯಮಂಡಳಿ ಭ್ರೂಣದ ತೀವ್ರ ವೈಕಲ್ಯದ ಕಾರಣಕ್ಕೆ ಮಾಡುವ ಗರ್ಭಪಾತವನ್ನೂ ನಿಷೇಧಿಸಿತು. ವಾರ್ಸಾದ ಬೀದಿಗಳು ತುಂಬಿಹೋದವು. ಬೀದಿಗೆ ಬರಲಾಗದೆ ಮನೆಯಿಂದಲೇ ಫೋನ್ ಮಾಡಿದವರಿಗೆ ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚು, ಅದರಲ್ಲಿ ಎಷ್ಟನ್ನು ತಾವು ಕೊಡಬಲ್ಲೆವು ಎಂದು ಹೇಳಲು ಆ ಸಹಾಯವಾಣಿಯಲ್ಲಿ ಜನ ಇದ್ದರು.